ಕೊನೆಯ ಬಾಸ್ ಮರೆತುಹೋದರೂ ಅವನ ಸೇನಾಪತಿ ನೆನಪಿರುತ್ತಾನೆ

ಮಾನ್ಯ ಸಂಪಾದಕರಿಗೆ,

ವಿಡಿಯೊ ಗೇಮ್‌ಗಳ ಸುದ್ದಿ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಬರುವುದೇ ಅಪರೂಪ. ಬಂದರೆ ಒಂದೋ ಮಕ್ಕಳ ಕಣ್ಣು ಹಾಳಾಗುವ ವಿಚಾರ, ಇಲ್ಲವೇ ಯಾವ ಗೇಮ್ ಎಷ್ಟು ಕೋಟಿ ಬಾಚಿತು ಎಂಬ ಲೆಕ್ಕ. ಗೇಮ್ ಕಟ್ಟುವ ಕಸುಬಿನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಮಂಗಳೂರು, ಮಣಿಪಾಲದ ಕಡೆ ಅನಿಮೇಶನ್, ಗೇಮ್ ಡಿಸೈನ್ ಕಲಿಯುವ ಹುಡುಗ ಹುಡುಗಿಯರು ಫ್ಯಾಂಟಸಿ ಗೇಮ್ ಮಾಡಲು ಕೂತರೆ ಮೊದಲು ಬಿಡಿಸುವುದು ಕೊನೆಯ ಬಾಸ್‌ನ, ಅಂದರೆ ಗೇಮ್‌ನ ತುದಿಯಲ್ಲಿ ಎದುರಾಗುವ ಮುಖ್ಯ ಖಳನ ಕೊಂಬು, ಕಿರೀಟ, ಬೆಂಕಿ ಕಾರುವ ಕತ್ತಿ. ಅವನ ಕೈಕೆಳಗಿನ ಸೇನಾಪತಿ, ಮಂತ್ರಿ, ಮಾಂತ್ರಿಕರಿಗೆ ಉಳಿಯುವುದು ಅದೇ ಗೊಂಬೆ, ಬೇರೆ ಬಣ್ಣ. ನನ್ನ ತಕರಾರು ಇಲ್ಲೇ. ಗೇಮ್ ಮುಗಿದ ಮೇಲೆ ಆಡಿದವರ ಬಾಯಲ್ಲಿ ಉಳಿಯುವ ಹೆಸರು ಬಹಳ ಸಲ ಈ ಎರಡನೇ ಸಾಲಿನವರದ್ದೇ.

ಕಾರಣ ಸರಳ. ಮುಖ್ಯ ಖಳ ಕೊನೆಯವರೆಗೆ ಸೋಲುವಂತಿಲ್ಲ. ಹಾಗಾಗಿ ಅವನು ನಡುವೆ ಸಿಗುವಂತಿಲ್ಲ. ಸಿಕ್ಕಿದರೂ ಆಟಗಾರ ಅವನನ್ನು ಮುಟ್ಟುವಂತಿಲ್ಲ. ಮೇಲಾಗಿ ಇಡೀ ಲೋಕಕ್ಕೆ ಕಂಟಕ ತರುವವನಾದ್ದರಿಂದ ಅವನ ಆಸೆಯೂ ಆಕಾಶದಷ್ಟು ದೊಡ್ಡದು, ಅಷ್ಟೇ ಮಸುಕು. ಎರಡನೆಯವನಿಗೆ ಈ ಹೊರೆ ಇಲ್ಲ. ಅವನು ಮೂರು ಸಲ ಸಿಗಬಹುದು, ಒಮ್ಮೆ ಸೋಲಬಹುದು, ಓಡಿಹೋಗಬಹುದು, ಪಕ್ಷ ಬದಲಿಸಬಹುದು. ಅವನಿಗೆ ಬೇಕಾದ್ದೂ ಕೈಗೆಟಕುವಂಥದ್ದು: ಹೆಂಡತಿ ಮನೆಗೆ ಬರಬೇಕು, ರಾಜ್ಯ ಪರರ ಪಾಲಾಗಬಾರದು, ಯಜಮಾನ ಒಮ್ಮೆ ಶಹಬ್ಬಾಸ್ ಅನ್ನಬೇಕು.

2015ರ ವಿಚರ್ 3 ನೋಡಿ. ಅದರ ಮುಖ್ಯ ಖಳ ಎರೆಡಿನ್. ಎಲುಬುಗೂಡಿನಂಥ ಕವಚ, ಹಿಮ ತರುವ ಸವಾರರ ದಂಡು, ಎಲ್ಲ ಇದೆ. ಆದರೂ ಆಡಿದವರು ಮಾತಾಡುವುದು ವೆಲೆನ್ ಎಂಬ ಕೆಸರು ಸೀಮೆಯ ಬ್ಲಡಿ ಬ್ಯಾರನ್ ಬಗ್ಗೆ. ಅವನು ಕುಡುಕ, ಹೆಂಡತಿಗೆ ಹೊಡೆದವನು, ಅವಳ ಗರ್ಭ ಇಳಿದುಹೋಗಿದೆ. ಮಣ್ಣು ಮಾಡಿದ ಆ ಶಿಶು ಈಗ ರಾತ್ರಿ ಎದ್ದು ಬರುವ ಪಿಶಾಚಿ. ಆಟಗಾರನ ಮುಂದೆ ಎರಡು ದಾರಿ: ಅದನ್ನು ಕೊಲ್ಲು, ಇಲ್ಲವೇ ತಂದೆಯ ಕೈಯಲ್ಲೇ ಹೊರಿಸಿ ಮನೆಯ ಹೊಸಿಲವರೆಗೆ ತಂದು ಹೆಸರಿಡಿಸು. ಎರಡನೆಯದನ್ನು ಆರಿಸಿದರೆ ಬ್ಯಾರನ್ ಮುಂದೆ ನಡೆಯುತ್ತಾನೆ, ನೀವು ಪಕ್ಕದಲ್ಲಿ ಬರುವ ಪ್ರೇತಗಳನ್ನು ಹೊಡೆಯುತ್ತ ಹೋಗಬೇಕು. ಕೂಸು ರೊಚ್ಚಿಗೆದ್ದಾಗ ಆಕ್ಸಿ ಎಂಬ ಮಂತ್ರಮುದ್ರೆ ಹಾಕಿ ಶಾಂತಗೊಳಿಸಬೇಕು. ಗಮನಿಸಬೇಕಾದ್ದು, ಅವನ ಪಾಪದ ಕಥೆಯನ್ನು ಕಟ್‌ಸೀನ್‌ನಲ್ಲಿ, ಅಂದರೆ ಆಟಗಾರ ಸುಮ್ಮನೆ ನೋಡುವ ದೃಶ್ಯದಲ್ಲಿ, ಹೇಳಿ ಮುಗಿಸದೆ ಆಟಗಾರನ ಕೈಗೆ ಕೆಲಸವಾಗಿ ಕೊಟ್ಟಿದ್ದಾರೆ. ಅವನನ್ನು ಕ್ಷಮಿಸಲು ಗೇಮ್ ಎಲ್ಲೂ ಕೇಳುವುದಿಲ್ಲ. ಅವನ ಪಕ್ಕ ಐವತ್ತು ಹೆಜ್ಜೆ ನಡೆ ಎನ್ನುತ್ತದೆ, ಅಷ್ಟೇ. ಮುಂದೆ ಜೌಗಿನ ಮಾಟಗಾತಿಯರ ಪ್ರಕರಣದಲ್ಲಿ ಗುಡ್ಡದ ಮರದಡಿಯ ಆತ್ಮವನ್ನು ಬಿಡುಗಡೆ ಮಾಡಿದರೆ ಅನಾಥ ಮಕ್ಕಳು ಉಳಿಯುತ್ತಾರೆ, ಬ್ಯಾರನ್ ಹೆಂಡತಿ ಸಾಯುತ್ತಾಳೆ, ಬ್ಯಾರನ್ ನೇಣು ಹಾಕಿಕೊಳ್ಳುತ್ತಾನೆ. ಆತ್ಮವನ್ನು ಕೊಂದರೆ ಹುಚ್ಚು ಹಿಡಿದ ಹೆಂಡತಿಯನ್ನು ಕರೆದುಕೊಂಡು ವೈದ್ಯನನ್ನು ಹುಡುಕುತ್ತ ಬೆಟ್ಟದ ಕಡೆ ಹೋಗುತ್ತಾನೆ. ಎರಡರಲ್ಲೂ ಆಟಗಾರ ಗೆದ್ದೆ ಎನ್ನುವ ಹಾಗಿಲ್ಲ. ಎರೆಡಿನ್‌ಗೆ ಇಂಥದ್ದೊಂದು ಗಳಿಗೆಯೂ ಸಿಕ್ಕಿಲ್ಲ, ಪಾಪ.

ಇನ್ನೊಂದು ಬಗೆಯವನು 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್‌ನ ಲೊಗೇನ್. ಆ ಗೇಮ್‌ನ ಮುಖ್ಯ ಶತ್ರು ಮಾತೇ ಆಡದ ಒಂದು ಮಹಾಸರ್ಪ, ಆರ್ಚ್‌ಡೀಮನ್. ಮಾತಾಡುವ ವೈರಿಯೇ ಇಲ್ಲದಿದ್ದರೆ ಕಥೆ ಒಣಗುತ್ತದೆಂದು ಗೊತ್ತಿದ್ದವರು ಎಲ್ಲ ಮಾತನ್ನೂ ಲೊಗೇನ್‌ಗೆ ಕೊಟ್ಟರು. ಪರರಾಜ್ಯದ ಆಳ್ವಿಕೆಯಿಂದ ನಾಡನ್ನು ಬಿಡಿಸಿದ ವೀರ. ಆಸ್ಟಗಾರ್ ಯುದ್ಧದಲ್ಲಿ ಸೈನ್ಯ ಹಿಂದೆಗೆದು ತನ್ನ ಅಳಿಯನಾದ ರಾಜನನ್ನೇ ಸಾಯಲು ಬಿಡುತ್ತಾನೆ. ಸಹಾಯಕ್ಕೆ ಕರೆದ ಹಳೆಯ ವೈರಿಗಳು ಮತ್ತೆ ಒಳಗೆ ಬಂದರೆ ಎಂಬ ಭಯ ಅವನದು. ಭಯ ಸುಳ್ಳಲ್ಲ, ಮಾಡಿದ್ದು ದ್ರೋಹ. ಸಭೆಯಲ್ಲಿ ಅವನು ಸೋತ ಮೇಲೆ ತಲೆ ಕಡಿಸಬಹುದು, ಇಲ್ಲವೇ ನಿಮ್ಮ ಪಡೆಗೇ ಸೇರಿಸಿಕೊಳ್ಳಬಹುದು. ಸೇರಿಸಿಕೊಂಡರೆ ಆರಂಭದಿಂದ ಜೊತೆಗಿದ್ದ ಅಲಿಸ್ಟರ್ ಪಡೆ ಬಿಟ್ಟು ಹೋಗುತ್ತಾನೆ. ಬೆಲೆ ಇಲ್ಲದ ಕ್ಷಮೆಗೆ ತೂಕವಿಲ್ಲ. ಇಲ್ಲಿ ಒಬ್ಬ ಗೆಳೆಯನೇ ಬೆಲೆ. ಹೀಗೆ ಉಳಿದ ಲೊಗೇನ್ ಕೊನೆಯಲ್ಲಿ ಆ ಸರ್ಪವನ್ನು ಕೊಂದು ತಾನೂ ಸಾಯುವ ದಾರಿಯೂ ತೆರೆದಿರುತ್ತದೆ.

ಇಷ್ಟು ಓದಿದವರು, ಇದೆಲ್ಲ ಕಾದಂಬರಿಗೂ ಸಲ್ಲುವ ಮಾತಲ್ಲವೇ ಎನ್ನಬಹುದು. ಸಲ್ಲುತ್ತದೆ. ಗೇಮ್‌ಗೆ ಮಾತ್ರ ಸಲ್ಲುವುದು ಬೇರೊಂದಿದೆ, ನಮ್ಮ ಹುಡುಗರು ಎಡವುವುದೂ ಅಲ್ಲೇ: ಖಳನ ಸ್ವಭಾವ ಹೊಡೆದಾಟದ ನಿಯಮವಾಗಬೇಕು. ಅವನು ಎಂಥವನು ಎಂದು ಬಟನ್ ಒತ್ತುವ ಹೆಬ್ಬೆರಳಿಗೆ ತಿಳಿಯಬೇಕು.

ಗಾಡ್ ಆಫ್ ವಾರ್ ರಾಗ್ನರಾಕ್ (2022) ಗೇಮ್‌ನ ಹೈಮ್‌ಡಾಲ್ ಎದುರಿನವರ ಮನಸ್ಸಿನ ಉದ್ದೇಶ ಓದಬಲ್ಲವನು, ಅದರಿಂದಲೇ ಅಹಂಕಾರಿ. ಕಥಾನಾಯಕ ಕ್ರೇಟೋಸ್‌ನ ಮಗ ಆಟ್ರಿಯಸ್ ಆಸ್ಗಾರ್ಡ್‌ನ ಗೋಡೆಯ ಬಳಿ ಅವನನ್ನು ಮೊದಲ ಸಲ ಎದುರಿಸಿದಾಗ ಯಾವ ಬಟನ್ ಒತ್ತಿದರೂ ಏಟು ತಾಗುವುದಿಲ್ಲ. ಅವನು ನಗುತ್ತ ಪಕ್ಕಕ್ಕೆ ಸರಿಯುತ್ತಾನೆ. ಸಿಟ್ಟು ಬರುವುದು ಆಟ್ರಿಯಸ್‌ಗಲ್ಲ, ಆಡುವವನಿಗೆ. ಬಹಳ ಹೊತ್ತಿನ ನಂತರ ತಂದೆ ಕ್ರೇಟೋಸ್ ಅವನ ಎದುರು ಹೋಗುವುದು ಡ್ರೌಪ್ನಿರ್ ಈಟಿ ಹಿಡಿದು. ಒಂದೇ ಈಟಿ ಬೇಕಾದಷ್ಟಾಗುತ್ತದೆ, ನೆಟ್ಟಲ್ಲಿ ನಿಂತು ಬೇಕೆಂದಾಗ ಸಿಡಿಯುತ್ತದೆ. ಉದ್ದೇಶ ಓದುವವನನ್ನು ಸೋಲಿಸಲು ಎಷ್ಟು ಓದಿದರೂ ತಪ್ಪಿಸಲಾಗದಷ್ಟು ಏಟುಗಳು. ಮಾತು, ಗುಣ, ಆಯುಧ, ಬಟನ್ ನಾಲ್ಕೂ ಒಂದೇ ಕಡೆ ತೋರಿಸುತ್ತವೆ.

2011ರ ಝೆಲ್ಡಾ: ಸ್ಕೈವರ್ಡ್ ಸ್ವೋರ್ಡ್‌ನ ಗಿರಾಹಿಮ್ ಇದಕ್ಕಿಂತ ಜಾಣ ರಚನೆ. ವೀ ಯಂತ್ರದ ರಿಮೋಟ್ ಬೀಸಿದ ದಿಕ್ಕಿಗೆ ತೆರೆಯ ಮೇಲೆ ಕತ್ತಿ ಬೀಸುವ ಗೇಮ್ ಅದು. ಮೊದಲ ಕಾಳಗದಲ್ಲಿ ಅವನು ನಿಮ್ಮ ಕತ್ತಿಯ ದಿಕ್ಕು ನೋಡಿ ಬೆರಳಲ್ಲೇ ಹಿಡಿದುಬಿಡುತ್ತಾನೆ. ಉಪಾಯ ಇಷ್ಟೆ: ಕತ್ತಿಯನ್ನು ಬಲಕ್ಕೆ ಹಿಡಿದು ನಿಲ್ಲಿ, ಅವನ ಕೈ ಅತ್ತ ಸರಿಯಲಿ, ತಟ್ಟನೆ ಎಡದಿಂದ ಹೊಡೆಯಿರಿ. ಗಡಿಬಿಡಿಯಲ್ಲಿ ಮಣಿಕಟ್ಟು ಅಲ್ಲಾಡಿಸುವ ಚಟ ಬಿಡಿಸಲಿಕ್ಕೇ ಇವನನ್ನು ಅಲ್ಲಿ ನಿಲ್ಲಿಸಿದ್ದಾರೆ. ಒಟ್ಟು ಮೂರು ಸಲ ಎದುರಾಗುತ್ತಾನೆ. ಅವನ ಒಡೆಯ ಡಿಮೈಸ್ ನಿಜರೂಪದಲ್ಲಿ ಬರುವುದು ಕೊನೆಯ ಗಳಿಗೆಯಲ್ಲಿ. ಆ ಹೊತ್ತಿಗೆ ನಮಗೆ ಜಿದ್ದು ಉಳಿದಿರುವುದೆಲ್ಲ ಗಿರಾಹಿಮ್ ಮೇಲೆ.

ಒಂದು ಮಾತೂ ಆಡದೆ ನೆನಪಲ್ಲಿ ಉಳಿಯುವವರೂ ಇದ್ದಾರೆ. ಡಾರ್ಕ್ ಸೋಲ್ಸ್ (2011) ಆಡಿದ ಯಾರಿಗೂ ಆರ್ನ್‌ಸ್ಟೈನ್-ಸ್ಮೌ ಜೋಡಿಯ ಪರಿಚಯ ಮಾಡಿಕೊಡಬೇಕಿಲ್ಲ. ಒಬ್ಬ ಮಿಂಚಿನ ಈಟಿಯ ಚುರುಕಿನವ, ಇನ್ನೊಬ್ಬ ಸುತ್ತಿಗೆ ಹೊತ್ತ ದಢೂತಿ. ಒಬ್ಬನನ್ನು ಕೊಂದ ಕೂಡಲೇ ಉಳಿದವನು ಅವನ ಬಲ ಹೀರಿ ಪೂರ್ತಿ ಹೆಲ್ತ್ ಬಾರ್‌ನೊಂದಿಗೆ (ಉಳಿದ ಜೀವಬಲ ತೋರಿಸುವ ಪಟ್ಟಿ) ಎದ್ದು ನಿಲ್ಲುತ್ತಾನೆ. ಯಾರನ್ನು ಮೊದಲು ಬೀಳಿಸಬೇಕು ಎಂಬುದು ಆಟಗಾರನ ತೀರ್ಮಾನ, ಅದರಂತೆ ಸಿಗುವ ಪ್ರತಿಫಲವೂ ಬೇರೆ. ಸ್ಮೌನ ಕವಚದ ವಿವರಣೆಯಲ್ಲಿ ಒಂದು ಸಾಲಿದೆ: ಕೊಂದವರ ಎಲುಬು ಪುಡಿ ಮಾಡಿ ತನ್ನ ಆಹಾರಕ್ಕೆ ಬೆರೆಸುತ್ತಿದ್ದ, ಆ ಕಾರಣಕ್ಕೆ ಅವನಿಗೆ ನಾಲ್ವರು ಮಹಾಯೋಧರ ಸಾಲಿನಲ್ಲಿ ಜಾಗ ಸಿಗಲಿಲ್ಲ. ಅಷ್ಟೇ ಅವನ ಜೀವನಚರಿತ್ರೆ. ಸಾಕು.

ಅದೇ ಸಂಸ್ಥೆಯ ಎಲ್ಡನ್ ರಿಂಗ್ (2022) ಶುರುವಿನಲ್ಲೇ ಮಾರ್ಗಿಟ್‌ನನ್ನು ಕೋಟೆ ಬಾಗಿಲಲ್ಲಿ ನಿಲ್ಲಿಸುತ್ತದೆ. ಅವನು ಕೋಲು ಎತ್ತುತ್ತಾನೆ, ನೀವು ತಪ್ಪಿಸಿಕೊಳ್ಳಲು ಉರುಳುತ್ತೀರಿ, ಕೋಲು ಮಾತ್ರ ಇನ್ನೂ ಮೇಲೆಯೇ ಇದೆ. ನೀವು ಎದ್ದ ಮೇಲೆ ಬೀಳುತ್ತದೆ. ಹೆದರಿ ಬಟನ್ ಒತ್ತುವವರಿಗೆ ಇದು ಶಿಕ್ಷೆ, ಕಾದು ನೋಡುವವರಿಗೆ ಪಾಠ. ಸಾಲದವರಿಗೆ ಅವನನ್ನು ತುಸು ಹೊತ್ತು ನೆಲಕ್ಕೆ ಕಟ್ಟಿಹಾಕುವ ಸಂಕೋಲೆಯೊಂದು ಪ್ಯಾಚಸ್ ಎಂಬ ಠಕ್ಕನ ಹತ್ತಿರ 5,000 ರೂನ್‌ಗೆ (ಆ ಗೇಮ್‌ನ ನಾಣ್ಯ) ಮಾರಾಟಕ್ಕಿದೆ. ಕಾಳಗದ ಮೊದಲರ್ಧದಲ್ಲಷ್ಟೇ ಅದು ಕೆಲಸ ಮಾಡುತ್ತದೆ.

ಕೆಡುವುದು ಹೇಗೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಝೆಲ್ಡಾ ಸರಣಿಯದ್ದೇ ಆದ 2006ರ ಟ್ವೈಲೈಟ್ ಪ್ರಿನ್ಸೆಸ್‌ನ ಜಾಂಟ್. ಅರ್ಧ ಗೇಮ್‌ವರೆಗೆ ಮುಖ ಮುಚ್ಚಿದ, ಮಿತಭಾಷಿಯಾದ, ನಿಜಕ್ಕೂ ಭಯ ಹುಟ್ಟಿಸುವ ಖಳ. ಆಮೇಲೆ ಹಿಂದಿನಿಂದ ದಾರ ಆಡಿಸುತ್ತಿದ್ದವನು ಆ ಸರಣಿಯ ಹಳೆಯ ಮಹಾಖಳ ಗ್ಯಾನನ್‌ಡಾರ್ಫ್ ಎಂದು ಗೊತ್ತಾಗುತ್ತದೆ, ಅಲ್ಲಿಗೆ ಜಾಂಟ್ ರಚ್ಚೆ ಹಿಡಿದ ಮಗುವಿನಂತೆ ಕುಣಿದಾಡತೊಡಗುತ್ತಾನೆ. ದೊಡ್ಡ ಹೆಸರು ಬಂದದ್ದು ತಪ್ಪಲ್ಲ. ಅದು ಬಂದ ಮೇಲೆ ಚಿಕ್ಕವನ ಸ್ವಂತ ಬೇಡಿಕೆಗೆ ಬೆಲೆಯೇ ಉಳಿಯದಂತೆ ಮಾಡಿದ್ದು ತಪ್ಪು. ಇದರ ಉಲ್ಟಾ 1994ರ ಫೈನಲ್ ಫ್ಯಾಂಟಸಿ 6. ಅಲ್ಲಿ ಕೆಫ್ಕಾ ಚಕ್ರವರ್ತಿ ಗೆಸ್ಟಾಲ್‌ನ ಆಸ್ಥಾನದ ಕೋಡಂಗಿಯಂಥ ಮಾಂತ್ರಿಕ. ಮರುಭೂಮಿಯ ನಡುವೆ ನಿಂತು ಬೂಟಿನ ಮರಳು ಒರೆಸಿ ಎಂದು ಸೈನಿಕರಿಗೆ ಹೇಳುತ್ತಾನೆ. ನಗು ಬರುತ್ತದೆ. ಆಮೇಲೆ ಡೋಮಾ ಕೋಟೆಯ ನೀರಿಗೆ ವಿಷ ಹಾಕುತ್ತಾನೆ, ನಗು ನಿಲ್ಲುತ್ತದೆ. ಕಡೆಗೆ ಚಕ್ರವರ್ತಿಯನ್ನೇ ಕೊಂದು ಲೋಕವನ್ನು ಹಾಳುಗೆಡವುತ್ತಾನೆ; ಗೇಮ್‌ನ ಉಳಿದ ಭಾಗ ಆ ಹಾಳು ಲೋಕದಲ್ಲೇ ನಡೆಯುತ್ತದೆ. ಎರಡನೆಯವನು ಮೊದಲನೆಯವನಾಗುವುದನ್ನು ಆಟಗಾರ ಕಣ್ಣಾರೆ ಕಂಡಿರುವುದರಿಂದ ಅವನಿಗೆ ಬೇರೆ ಪೀಠಿಕೆ ಬೇಕಾಗಲಿಲ್ಲ.

ಬಾಲ್ಡರ್ಸ್ ಗೇಟ್ 3 (2023) ಗೇಮ್‌ನ ರಾಫೇಲ್ ಬಗ್ಗೆ ಬರೆಯದಿದ್ದರೆ ಆಡಿದವರು ನನ್ನನ್ನು ಬಿಡಲಿಕ್ಕಿಲ್ಲ. ಅವನು ಪಿಶಾಚ, ಕೆಲಸ ಕರಾರು ಪತ್ರದ್ದು. ಮೊದಲ ಅಂಕದಲ್ಲೇ ಬಂದು ಊಟದ ಮೇಜಿನ ಮುಂದೆ ನಿಲ್ಲಿಸಿ ಸಹಾಯ ಬೇಕೇ ಎಂದು ಕೇಳಿ ಹೋಗುತ್ತಾನೆ. ಮೂರನೇ ಅಂಕದಲ್ಲಿ ಅವನಲ್ಲಿರುವ ಸುತ್ತಿಗೆ ನಿಮಗೆ ಬೇಕು. ಬದಲಿಗೆ ಅವನು ಕೇಳುವುದು ಒಂದು ಕಿರೀಟ. ಸಹಿ ಹಾಕಬಹುದು, ಹಾಕದೆ ಮುಂದುವರಿಯಬಹುದು, ಇಲ್ಲವೇ ಅವನ ಮನೆಗೇ ನುಗ್ಗಿ ಕದಿಯಬಹುದು. ಕದ್ದರೆ ಅವನು ವಾಪಸು ಬರುತ್ತಾನೆ, ಕಾಳಗದ ಹಿನ್ನೆಲೆಯಲ್ಲಿ ತನ್ನ ಹಾಡನ್ನು ತಾನೇ ಹಾಡುತ್ತಾನೆ. ಅವನನ್ನು ಎದುರಿಸದೆಯೂ ಗೇಮ್ ಮುಗಿಯುತ್ತದೆ. ನಾವಾಗಿ ಅವನ ಮನೆ ಬಾಗಿಲು ತಟ್ಟಿದ್ದೇವೆ ಎಂಬ ಅರಿವೇ ಆ ಕಾಳಗಕ್ಕೆ ಕಾವು ಕೊಡುವುದು.

ಹೆಸರಿಲ್ಲದ ಸೈನಿಕನನ್ನೇ ಖಳನಾಗಿ ಬೆಳೆಸಿದ ಗೇಮ್ 2014ರ ಶ್ಯಾಡೊ ಆಫ್ ಮಾರ್ಡಾರ್. ನಿಮ್ಮನ್ನು ಕೊಂದ ಓರ್ಕ್‌ಗೆ (ರಕ್ಕಸ ಜಾತಿಯ ಸೈನಿಕ) ಬಡ್ತಿ ಸಿಗುತ್ತದೆ. ಮುಂದಿನ ಭೇಟಿಯಲ್ಲಿ ಹಿಂದಿನ ಸಾವನ್ನು ನೆನಪಿಸಿ ಹಂಗಿಸುತ್ತಾನೆ, ನೀವು ಕೊಟ್ಟ ಸುಟ್ಟ ಗಾಯ ಅವನ ಮುಖದಲ್ಲಿರುತ್ತದೆ. ಈ ನೆಮೆಸಿಸ್ ಪದ್ಧತಿಗೆ ವಾರ್ನರ್ ಬ್ರದರ್ಸ್ 2021ರಲ್ಲಿ ಪೇಟೆಂಟ್ ಪಡೆದದ್ದು ಉಳಿದವರ ಕೈ ಕಟ್ಟಿಹಾಕಿತು ಎಂಬುದು ನನ್ನ ಅಭಿಪ್ರಾಯ.

ಈಗ ಮಾಡುವವರಿಗೆ ಕೆಲವು ಲೆಕ್ಕ. ಸಣ್ಣ ಗೇಮ್‌ನಲ್ಲಿ ಎರಡನೇ ಖಳ ಮೂರು ಸಲ ಸಿಕ್ಕರೆ ಸಾಕು. ಮೊದಲ ಭೇಟಿ ಗೆಲ್ಲಲಾಗದ ಕಾಳಗವಾದರೆ ಅದನ್ನು ಅರ್ಧ ನಿಮಿಷದೊಳಗೆ ಮುಗಿಸಿ. ಅದಕ್ಕಿಂತ ಎಳೆದರೆ ಆಟಗಾರ ಗೆಲ್ಲಬಹುದೆಂದುಕೊಂಡು ಇದ್ದಬದ್ದ ಔಷಧದ ಬಾಟಲಿಗಳನ್ನೆಲ್ಲ ಖಾಲಿ ಮಾಡುತ್ತಾನೆ, ಆಮೇಲೆ ಸೋಲು ಮೊದಲೇ ಬರೆದಿತ್ತೆಂದು ಗೊತ್ತಾದಾಗ ಸಿಟ್ಟು ಖಳನ ಮೇಲೆ ಬರುವುದಿಲ್ಲ, ಮಾಡಿದವರ ಮೇಲೆ ಬರುತ್ತದೆ. ಖರ್ಚಾದ ಬಾಟಲಿಗಳನ್ನು ಹಿಂದಿರುಗಿಸಿ. ಎರಡನೇ ಭೇಟಿಯಲ್ಲಿ ಅವನು ಸೋತು ಪಾರಾಗುವುದಿದ್ದರೆ, ಪಾರಾಗುವ ಉಪಾಯವನ್ನು ಕಾಳಗದ ನಡುವೆಯೇ ಒಮ್ಮೆ ತೋರಿಸಿರಬೇಕು: ಹೊಗೆಯಲ್ಲಿ ಮಾಯವಾಗುವವನು ಹೊಡೆದಾಟದಲ್ಲೂ ಹೊಗೆ ಬಳಸಿರಲಿ. ಹೆಲ್ತ್ ಬಾರ್ ಸೊನ್ನೆಯಾದ ಮೇಲೆ ಕಟ್‌ಸೀನ್‌ನಲ್ಲಿ ಆಟಗಾರನೇ ಮಂಡಿಯೂರಿ ಬಿದ್ದಿರುವುದು ಶುದ್ಧ ಮೋಸ.

ಹೊಡೆತದ ಮುನ್ಸೂಚನೆ ಎಷ್ಟು ಹೊತ್ತು? ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಸುಮಾರು ಕಾಲು ಸೆಕೆಂಡ್ ಬೇಕು; ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ) ಓಡುವ ಗೇಮ್‌ನಲ್ಲಿ ಅದು 15 ಫ್ರೇಮ್. ಯಾವ ಏಟು ಬರುತ್ತಿದೆ ಎಂದು ಗುರುತಿಸಿ ಆರಿಸಲು ಇನ್ನಷ್ಟು ಬೇಕು. ಹಾಗಾಗಿ ಮಾಮೂಲಿ ಏಟಿಗೆ 25ರಿಂದ 30 ಫ್ರೇಮ್, ದೊಡ್ಡ ಏಟಿಗೆ 45 ಇಟ್ಟು ಶುರು ಮಾಡಿ. ಮೊಬೈಲಿನಲ್ಲಿ ಬೆರಳೇ ತೆರೆಯ ಒಂದು ಭಾಗ ಮುಚ್ಚುವುದರಿಂದ ತುಸು ಹೆಚ್ಚೇ ಇರಲಿ. ಹೆಲ್ತ್ ಎಷ್ಟಿರಬೇಕು ಎಂಬುದು ಗುಣಾಕಾರ: ಆಟಗಾರನ ಒಂದು ಏಟಿಗೆ ಖಳನ 20 ಹೆಲ್ತ್ ಇಳಿಯುತ್ತದೆ, ಮೂರು ಸೆಕೆಂಡಿಗೊಂದು ಏಟು ಹಾಕಲು ಸಂದು ಸಿಗುತ್ತದೆ ಎಂದಾದರೆ, 800 ಹೆಲ್ತ್ ಎಂದರೆ 40 ಏಟು, ಎರಡು ನಿಮಿಷ. ಮೂರೇ ಬಗೆಯ ಏಟು ಬಲ್ಲ ಖಳನಿಗೆ ಎರಡು ನಿಮಿಷ ಸರಿ. ಅವನಿಗೆ 2,000 ಕೊಟ್ಟರೆ ಐದು ನಿಮಿಷ; ಭಯ ಹೋಗಿ ಆಕಳಿಕೆ ಬರುತ್ತದೆ. ಕಷ್ಟ ಹೆಚ್ಚಿಸಬೇಕಿದ್ದರೆ ಹೊಸ ಏಟು ಕೊಡಿ, ಹೆಲ್ತ್ ಕೊಡಬೇಡಿ.

ಇನ್ನೊಂದು, ಸಣ್ಣದೆನಿಸಿದರೂ ಖಳನ ಮಾನ ಕಳೆಯುವಂಥದ್ದು: ಸತ್ತು ಮತ್ತೆ ಬಂದಾಗ ಅವನ ಭಾಷಣವನ್ನು ಮೊದಲಿಂದ ಕೇಳಿಸುವುದು. ಒಂದೇ ಡೈಲಾಗನ್ನು ಹತ್ತನೇ ಸಲ ಕೇಳಿದವನಿಗೆ ಖಳ ತಮಾಷೆಯ ವಸ್ತು. ಮೊದಲ ಸಲ ಪೂರ್ತಿ ಮಾತು, ಎರಡನೇ ಸಲ ಒಂದು ಸಾಲು, ಆಮೇಲೆ ನೇರ ಕಾಳಗ. ಹೇಡಿಸ್ (2020) ಗೇಮ್‌ನ ಥೀಸಿಯಸ್ ಪ್ರತಿ ಸಲವೂ ಬೇರೆ ಮಾತಿನಿಂದ ಹಂಗಿಸುತ್ತಾನೆ, ಹಿಂದಿನ ಸಲದ ಫಲಿತಾಂಶ ಅವನಿಗೆ ನೆನಪಿರುತ್ತದೆ. ಆದರೆ ಅಷ್ಟು ಬರೆಯಲು, ಧ್ವನಿ ಕೊಡಿಸಲು ಎಲ್ಲರಿಗೂ ಆಗದು.

ನಮ್ಮಲ್ಲಿ ಈ ಕಸುಬಿಗೆ ಕಚ್ಚಾವಸ್ತು ಬೇಕಾದಷ್ಟಿದೆ. ದೇವಿಮಾಹಾತ್ಮ್ಯೆ ಬಯಲಾಟ ನೋಡಿದವರಿಗೆ ಶುಂಭನ ಕಡೆಯವರು ಬರುವ ಸಾಲು ಗೊತ್ತು: ಮದುವೆ ಪ್ರಸ್ತಾಪ ತರುವ ದೂತ ಸುಗ್ರೀವ, ಆಮೇಲೆ ಧೂಮ್ರಲೋಚನ, ಚಂಡಮುಂಡರು, ರಕ್ತಬೀಜ, ಕೊನೆಗೆ ನಿಶುಂಭ, ಶುಂಭ. ಧೂಮ್ರಲೋಚನ ಒಂದೇ ಹುಂಕಾರಕ್ಕೆ ಬೂದಿ. ಇಷ್ಟೇನಾ ಎಂಬ ಧೈರ್ಯ ಆಟಗಾರನಿಗೆ ಬಂದ ಹೊತ್ತಿಗೆ ರಕ್ತಬೀಜನನ್ನು ನಿಲ್ಲಿಸುವ ಈ ಅನುಕ್ರಮ ಹಾಗೆಯೇ ಎತ್ತಿಕೊಳ್ಳುವಂತಿದೆ. ಅಲ್ಲಿಯವರೆಗೆ ಹೊಡೆಯುವುದೇ ಗೆಲುವಿನ ದಾರಿ. ಇವನಲ್ಲಿ ಹೊಡೆತವೇ ಸೋಲು, ನೆಲಕ್ಕೆ ಬಿದ್ದ ಪ್ರತಿ ರಕ್ತದ ಹನಿಯಿಂದ ಇನ್ನೊಬ್ಬ ರಕ್ತಬೀಜ ಏಳುತ್ತಾನೆ. ಒಡೆಯ ಶುಂಭನಿಗೆ ಬೇಕಾದ್ದು ದೇವಿ, ಇವನಿಗೆ ಇರುವುದು ತನ್ನ ವರದ ಮೇಲಿನ ಗರ್ವ. ಎರಡೂ ಬೇರೆ ಎಂಬುದು ಮರೆಯಬಾರದ ಸಂಗತಿ.

ಆದರೆ ಇದನ್ನು ಕೋಡ್ ಮಾಡುವಾಗ ಮೊದಲ ದಿನವೇ ಫೋನ್ ಹ್ಯಾಂಗ್ ಆಗುತ್ತದೆ. ಪ್ರತಿ ಹನಿಗೂ ಒಬ್ಬ ಹುಟ್ಟಿ, ಹುಟ್ಟಿದವರಿಂದಲೂ ಹನಿ ಬಿದ್ದರೆ, ಎಲ್ಲರಿಗೂ ತಾಗುವ ಒಂದೊಂದು ಏಟಿಗೂ ಸಂಖ್ಯೆ ಇಮ್ಮಡಿ: ಹತ್ತನೇ ಏಟಿಗೆ 1,024 ರಕ್ತಬೀಜರು. ಪುರಾಣಕ್ಕೆ ಅದು ಸರಿ, ಫೋನಿಗೆ ಸರಿಯಲ್ಲ. ಹನಿ ಬೀಳುವುದು ಮೂಲ ದೇಹದಿಂದ ಮಾತ್ರ ಎಂದಿರಲಿ. ಮರಿಗಳಿಗೆ ಒಂದೇ ಏಟಿನ ಜೀವ. ತೆರೆಯ ಮೇಲೆ 12 ಮರಿಗಳ ಮಿತಿ ಹಾಕಿ, ಆ ಹನ್ನೆರಡನ್ನೂ ಮೊದಲೇ ಮಾಡಿಟ್ಟುಕೊಂಡು ಸತ್ತದ್ದನ್ನೇ ಮತ್ತೆ ಎಬ್ಬಿಸಿ. ಪ್ರತಿ ಸಲ ಹೊಸದು ಹುಟ್ಟಿಸಿದರೆ ಗೇಮ್ ಮುಗ್ಗರಿಸುತ್ತದೆ. ಬಿದ್ದ ಹನಿ ಕೂಡಲೇ ಏಳದೆ ಮೂರು ಸೆಕೆಂಡ್ ನೆಲದಲ್ಲಿ ಹೊಳೆಯಲಿ. ಆ ಮೂರು ಸೆಕೆಂಡಿನಲ್ಲಿ ಕಾಳಿಯ ನಾಲಗೆ ಚಾಚಿಸಿ ಹೀರಿದರೆ ಹನಿ ಹೋಯಿತು, ಮೂಲ ದೇಹದ ಹೆಲ್ತ್‌ನಲ್ಲೂ ಒಂದು ಪಾಲು ಹೋಯಿತು. ಹೀಗಾದರೆ ಆಟಗಾರ ಹೊಡೆಯುವ ಕೈಯನ್ನು ತಾನೇ ತಡೆದು, ಎಷ್ಟು ಹನಿ ಹೀರಬಲ್ಲೆನೋ ಅಷ್ಟೇ ಬೀಳಿಸಲು ಕಲಿಯುತ್ತಾನೆ. ರಕ್ತಬೀಜನ ಬಾಯಲ್ಲಿ ಉದ್ದ ಮಾತು ಬೇಡ. ಏಟು ತಾಗಿದಾಗ ನರಳದೆ ನಗಲಿ. ಮೊದಲ ಹನಿ ನಾಲಗೆಗೆ ಹೋದಾಗ ಆ ನಗು ಅರ್ಧಕ್ಕೆ ನಿಲ್ಲಲಿ.

ತಮ್ಮಲ್ಲಿ ನನ್ನ ಕೋರಿಕೆ ಒಂದೇ. ಮುಂದೆ ಗೇಮ್ ವಿಮರ್ಶೆ ಪ್ರಕಟಿಸುವುದಿದ್ದರೆ ಗ್ರಾಫಿಕ್ಸ್‌ಗೆ ಐದಕ್ಕೆ ನಾಲ್ಕು, ಕಥೆಗೆ ಐದಕ್ಕೆ ಮೂರು ಎಂಬ ನಕ್ಷತ್ರಗಳ ಜೊತೆಗೆ ಮೂರು ಸಾಲು ಬರೆಸಿ: ಕೊನೆಯ ಬಾಸ್‌ಗೆ ಮೊದಲು ಎದುರಾಗುವವರು ಯಾರು, ಅವರು ಆಟದ ಎಷ್ಟನೇ ಗಂಟೆಗೆ ಸಿಗುತ್ತಾರೆ, ಅವರನ್ನು ಸೋಲಿಸಲು ಕೈ ಹೊಸದಾಗಿ ಏನು ಕಲಿಯಬೇಕಾಗುತ್ತದೆ. ದುಡ್ಡು ಕೊಟ್ಟು ಕೊಳ್ಳುವವರಿಗೂ, ನಾಳೆ ಗೇಮ್ ಮಾಡಲಿರುವ ಇಲ್ಲಿನ ಮಕ್ಕಳಿಗೂ ಅಷ್ಟು ಗೊತ್ತಾದರೆ ಉಪಕಾರ.

ಇತಿ,
ಓರ್ವ ಓದುಗ,
ಕದ್ರಿ, ಮಂಗಳೂರು